ಅಬ್ಡೀರಾ ಊರಿನವಳು

ಬೆಳಿಗ್ಗೆ ಹಲ್ಲುಜ್ಜುವಾಗ ನಗು ಬರಲಿಲ್ಲ. ನೊರೆ ತುಂಬಿಕೊಂಡು ಹಲ್ಲು ಕಿರಿದಿದ್ದ ಬಾಯಿಯನ್ನು ಅವಳು ಕನ್ನಡಿಯಲ್ಲಿ ಬೇರೆ ಯಾರದೋ ಬಾಯಿಯನ್ನು ನೋಡುವ ಹಾಗೆ ನೋಡಿದಳು. ಎಷ್ಟೋ ವರ್ಷದಿಂದ ಈ ಬಾಯಿ ರೇಡಿಯೋದಲ್ಲಿ ವಾರ್ತೆ ಓದಿತ್ತು. ಯುದ್ಧ, ಬೆಲೆ ಏರಿಕೆ, ಸಚಿವರ ಪ್ರವಾಸ, ಚಂಡಮಾರುತ, ಎಲ್ಲವನ್ನೂ ಒಂದೇ ಹದದಲ್ಲಿ, ಒಂದು ಮಾತೂ ಸೀದುಹೋಗದ ಹಾಗೆ, ಒಂದೂ ಹಸಿಯಾಗಿ ಉಳಿಯದ ಹಾಗೆ. ಆಮೇಲೆ ಒಂದು ಮಧ್ಯಾಹ್ನ, ಬಂದರಿಗೆ ಹೋಗುವ ಬಸ್ಸು ಸೇತುವೆಯಿಂದ ನದಿಗೆ ಉರುಳಿದ ಸುದ್ದಿ ಓದುತ್ತಿದ್ದಾಗ, ‘ಚಾಲಕರು ಸ್ಥಳದಲ್ಲೇ ಮೃತಪಟ್ಟಿದ್ದಾರೆ’ ಎಂಬ ಮಾತು ಮುಗಿಯಿತೋ ಇಲ್ಲವೋ, ಇದೇ ಬಾಯಿ ನಕ್ಕಿತು. ಎಲ್ಲಿಂದ ಬಂತೋ. ಹೊಟ್ಟೆಯ ತಳದಿಂದ ಗುಳುಗುಳು ಎಂದು ಎದ್ದು, ಎದೆಯಲ್ಲಿ ಒಮ್ಮೆ ತಡೆದು, ಗಂಟಲಿಗೆ ಬಂದಮೇಲೆ ಯಾರ ಮಾತನ್ನೂ ಕೇಳದೆ ಹೊರಗೆ ಹಾರಿತು. ಗಾಜಿನ ಆಚೆ ಕೂತಿದ್ದ ಆಪರೇಟರ್ ತಲೆಯೆತ್ತಿ, ಬಾಯಿ ತೆರೆದು, ಕೈಗೆ ಸಿಕ್ಕ ವಾದ್ಯಸಂಗೀತದ ತಟ್ಟೆ ಹಾಕಿಬಿಟ್ಟ. ಉಳಿದ ಸುದ್ದಿ ಅವಳ ಕೈಯಲ್ಲೇ ಉಳಿಯಿತು. ಅವಳ ಬಲಗೈ ಬೆರಳಿನಡಿ ಕೆಮ್ಮಿನ ಗುಂಡಿ ಇತ್ತು. ಕೆಮ್ಮು ಬಂದರೆ, ಸೀನು ಬಂದರೆ ಅದನ್ನು ಒತ್ತಿ ಹಿಡಿಯಬೇಕು. ಒತ್ತಿರುವಷ್ಟು ಹೊತ್ತು ಮೈಕು ಕಿವುಡಾಗಿರುತ್ತದೆ. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಇದೊಂದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.

ಬಾಯಿ ಮುಕ್ಕಳಿಸಿ ಉಗಿದು ಅಡುಗೆಮನೆಗೆ ಬಂದರೆ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು. ಗಂಡ ಬಾಗಿಲ ಬಳಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸ ಅವನದು. ಒರಟು ಮಾತು ಅವನ ಬಾಯಲ್ಲಿ ಬಂದದ್ದೇ ಇಲ್ಲ. ಆದರೆ ಮೊನ್ನೆ ಪಕ್ಕದ ಮನೆಯವನಿಗೆ ಅವನು ತಗ್ಗಿದ ದನಿಯಲ್ಲಿ ‘ಅವಳಿಗೆ ಸ್ವಲ್ಪ ನರದ ತೊಂದರೆ’ ಎಂದು ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತ್ತು. ಯಾವ ವೈದ್ಯರೂ ಹಾಗೆ ಹೇಳಿರಲಿಲ್ಲ. ಯಾವ ವೈದ್ಯರ ಹತ್ತಿರವೂ ಹೋಗಿರಲಿಲ್ಲ. ಹೆಂಡತಿಯನ್ನು ಕಾಪಾಡಲೆಂದೇ ಹೇಳಿದ ಆ ಸುಳ್ಳು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತ್ತು. ಈಗ ಅವನು ಲೇಸಿನ ಗಂಟನ್ನೇ ನೋಡುತ್ತಾ, “ಸಾಹೇಬರು ಹೇಳಿಕೊಟ್ಟ ಹಾಗೆ ಹೇಳಿಬಿಡು ಅತ್ಲಾಗೆ. ಮುಗಿಯುತ್ತೆ” ಎಂದು ಎದ್ದು ಹೋದ.

“ಇವತ್ತೇ ಅಲ್ವಾ ನಿಮ್ಮ ಸಾಹೇಬರಿಗೆ ಹೇಳಬೇಕಾದ್ದು?” ಅತ್ತೆ ಕೇಳಿದರು.

“ಹೂಂ. ಬೆಳಿಗ್ಗೇನೇ ಹೋಗಿ ಹೇಳ್ತೀನಿ. ಆಗಲ್ಲ ಅಂತ.”

“ಅಲ್ಲ ಕಣೇ, ಒಂದು ಸುಳ್ಳಿಗೆ ಇಷ್ಟು ಯೋಚನೆ ಮಾಡಿದರೆ ಸಂಸಾರ ನಡೆಯುತ್ತಾ? ನಿಮ್ಮ ಮಾವ ಬದುಕಿರೋ ತನಕ ಅವರ ಹಾಡು ಚೆನ್ನಾಗಿದೆ ಅಂತಲೇ ಹೇಳಿದೆ ನಾನು. ನನ್ನ ನಾಲಗೆಯೇನು ಬಿದ್ದುಹೋಯ್ತಾ?”

“ಇದು ಹಾಡಲ್ಲವಲ್ಲ ಅತ್ತೆ.”

“ಗೊತ್ತು ಬಿಡು.”

“ಆಮೇಲೆ ಆ ಮನೆಗೆ ಹೋಗ್ತೀನಿ. ಡ್ರೈವರ್ ಮನೆಗೆ.”

ಈರುಳ್ಳಿಯ ಮೇಲೆ ಚಾಕು ನಿಂತಿತು. ಅತ್ತೆಯ ಕಣ್ಣಲ್ಲಿ ನೀರಿತ್ತು, ಈರುಳ್ಳಿಯದು. “ಹೊಡೆದಾರು” ಎಂದರು.

“ಹೊಡೀಲಿ.”

“ಹೊಡೆದರೆ ಹೊಡೆಸಿಕೊಂಡು ಬರಬಹುದು. ಅಲ್ಲೂ ನಕ್ಕರೆ?”

ಅವಳು ಬಾಗಿಲಿಗೆ ನಡೆದಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ಅತ್ತೆ ಹಿಂದಿನಿಂದ ಕೂಗಿದರು: “ತಲೆ ಸರಿಯಾಗಿ ಬಾಚಿಕೊಂಡು ಹೋಗು. ಕೆದರಿಕೊಂಡು ಹೋದರೆ ಹುಚ್ಚಿ ಅಂತಲೇ ಅಂದುಕೋತಾರೆ.” ಅವಳು ಹಿಂದಿರುಗಿ ಬಂದು ಬಾಚಿಕೊಂಡಳು. ಬಾಚುವಾಗಲೂ ಅದೇ ಪ್ರಶ್ನೆ. ಅಲ್ಲೂ ನಕ್ಕರೆ? ಆ ಡ್ರೈವರನ ಹೆಂಡತಿ ಒಂದು ದಿನ ರೇಡಿಯೋ ನಿಲಯದ ಗೇಟಿಗೆ ಬಂದಿದ್ದಳಂತೆ. ಬೈಯಲಿಲ್ಲ, ಅಳಲಿಲ್ಲ, ಕಲ್ಲು ಹೊಡೆಯಲಿಲ್ಲ. ‘ಆ ಅಮ್ಮ ಯಾಕೆ ನಕ್ಕರು ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ’ ಎಂದಳಂತೆ. ವಿಷಯ ಪರಿಶೀಲನೆಯಲ್ಲಿದೆ ಎಂದು ಹೇಳಿ ಕಾವಲುಗಾರ ಕಳಿಸಿಬಿಟ್ಟಿದ್ದ. ಅವನೇ ಇದನ್ನು ಅವಳಿಗೆ ಹೇಳಿದ್ದು, ಒಳ್ಳೆಯ ಕೆಲಸ ಮಾಡಿದವನ ಹೆಮ್ಮೆಯಲ್ಲಿ. ಪರಿಶೀಲನೆ. ಆ ಪದವನ್ನು ತಾನೇ ಎಷ್ಟು ಸಾವಿರ ಸಲ ಓದಿರಬಹುದು ಎಂದು ಅವಳು ಯೋಚಿಸಿದ್ದಳು. ಒಂದು ಹೆಂಗಸನ್ನು ಗೇಟಿನಿಂದ ಹಿಂದಕ್ಕೆ ಅಟ್ಟುವ ಶಕ್ತಿ ಆ ಪದಕ್ಕಿದೆ ಎಂದು ಓದುವಾಗ ಒಮ್ಮೆಯೂ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ. ಈಚೆಗೆ ಹೊರಗೆ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ಮುಖ ಯಾರಿಗೂ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ಹಿಂದೆ ಅದು ಒಂದು ಬಗೆಯ ಐಶ್ವರ್ಯವಾಗಿತ್ತು. ಸೋಪು ಕೊಡಿ ಎಂದರೆ ಅಂಗಡಿಯವನು ಕಣ್ಣರಳಿಸಿ, ‘ಅಯ್ಯೋ, ನೀವು ಅವರಲ್ವಾ’ ಎಂದು ಸ್ಟೂಲು ಒರೆಸಿ ಕೊಡುತ್ತಿದ್ದ. ಈಗ ಅದೇ ಅಂಗಡಿಯಲ್ಲಿ ಅವಳು ಬೆರಳು ತೋರಿಸಿ ಸೋಪು ಕೊಳ್ಳುತ್ತಾಳೆ. ಕಳೆದ ವಾರ ಮರೆತು ‘ಚಿಲ್ಲರೆ ಇಲ್ಲ’ ಎಂದುಬಿಟ್ಟಿದ್ದಳು, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಹುಡುಗಿಯರಿಬ್ಬರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕನೆ ನಕ್ಕರು. ಅವರ ನಗು ಸರಿಯಾದ ನಗು. ಅದಕ್ಕೆ ಕಾರಣವಿತ್ತು, ಅಂಗಡಿಯಿತ್ತು, ಜೊತೆಗೊಬ್ಬಳು ಗೆಳತಿಯಿದ್ದಳು. ಕಂಡಕ್ಟರ್ ಬಂದಾಗ ಅವಳು ಸರಿಯಾದ ಚಿಲ್ಲರೆಯನ್ನು ಮೊದಲೇ ಅಂಗೈಯಲ್ಲಿ ಹಿಡಿದಿದ್ದು ಚಾಚಿದಳು. ಎಲ್ಲಿಗೆ ಎಂದು ಅವನು ಕೇಳುವ ಮೊದಲೇ ಕಿಟಕಿಯ ಆಚೆ ಕೈ ಮಾಡಿದಳು. ಮೂಕಿ ಎಂದುಕೊಂಡನೋ ಏನೋ, ಟಿಕೆಟನ್ನು ತುಂಬ ಮೆಲ್ಲನೆ, ಮಡಿಸದೆ ಕೊಟ್ಟ.

ನಿರ್ದೇಶಕರು ಕೆಟ್ಟವರಲ್ಲ. ಬೇರೆಯವರು ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಳ್ಳುವಂತೆ ಅವರು ಇಂಗ್ಲಿಷಿನ ಅಪರೂಪದ ಪದಗಳನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ಕರಗುವ ತನಕ ಇನ್ನೊಂದಿಲ್ಲ. ಆ ಘಟನೆಯ ಮರುದಿನ ಅವಳನ್ನು ಎದುರು ಕೂರಿಸಿಕೊಂಡು, ಬೈಯುವ ಮೊದಲು ಅಂಥದೊಂದು ಪದವನ್ನು ಮೇಜಿನ ಮೇಲಿಟ್ಟಿದ್ದರು. “ಅಬ್ಡೀರಿಯನ್. ಕೇಳಿದ್ದೀರಾ? ಇಂಗ್ಲಿಷಿನವರೇ ಮರೆತುಬಿಟ್ಟಿರೋ ಪದ. ಅರ್ಥವಿಲ್ಲದೆ ನಗೋ ನಗು. ಅಬ್ಡೀರಾ ಅಂತ ಹಳೇ ಗ್ರೀಕರ ಊರು, ಸಮುದ್ರದ ದಡದಲ್ಲಿ. ಆ ಊರಿನವರು ಏನಕ್ಕೆ ಬೇಕಾದರೂ ನಗ್ತಾರೆ, ಶುದ್ಧ ದಡ್ಡರು ಅಂತ ಉಳಿದ ಊರಿನವರ ಮಾತು. ಅಲ್ಲಿನ ಗಾಳಿಯೇ ಹಾಗೆ ಅನ್ನೋರು. ನೋಡಿ ಮಜಾ, ಒಬ್ಬ ದೊಡ್ಡ ತತ್ತ್ವಜ್ಞಾನಿ ಅಲ್ಲಿಯವನೇ. ಯಾವಾಗಲೂ ನಗ್ತಾ ಇದ್ದನಂತೆ. ಊರಿನವರು ಇವನಿಗೆ ಹುಚ್ಚು ಅಂತ ದೂರದಿಂದ ವೈದ್ಯನನ್ನು ಕರೆಸಿದರು. ವೈದ್ಯ ಬಂದು ಮಾತಾಡಿಸಿ, ಇವನಿಗೇನೂ ಆಗಿಲ್ಲ, ಹುಚ್ಚು ನಿಮಗೇ ಅಂದನಂತೆ.” ಅವರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. “ಆದರೆ ನೀವು ತತ್ತ್ವಜ್ಞಾನಿ ಅಲ್ಲವಲ್ಲ. ವಾರ್ತಾವಾಚಕಿ.”

ಅಲ್ಲಿ ಕೂತೇ ಅವಳು ತನ್ನ ಭಾಷೆಯ ನಗೆಗಳನ್ನು ಒಂದೊಂದಾಗಿ ಹುಡುಕಿದ್ದಳು. ಮುಗುಳ್ನಗೆ ಇದೆ, ಹುಸಿನಗೆ ಇದೆ. ಗೊಳ್ಳೆಂದು ನಗುವುದಿದೆ, ಬಿದ್ದು ಬಿದ್ದು ನಗುವುದಿದೆ, ಹೊಟ್ಟೆ ಹುಣ್ಣಾಗುವಂತೆ ನಗುವುದಿದೆ. ಸಿಕ್ಕಿಬಿದ್ದವನ ಪೆಚ್ಚುನಗೆ, ಗೆದ್ದವನ ಅಟ್ಟಹಾಸ. ಎಲ್ಲ ನಗೆಗೂ ಇರಲು ಒಂದು ಮನೆಯಿದೆ, ಬಾಗಿಲಿದೆ, ಅದು ಯಾರ ಪೈಕಿ ಎಂದು ಹೇಳುವವರಿದ್ದಾರೆ. ಅವಳದಕ್ಕೆ ಮಾತ್ರ ಇರಲಿಲ್ಲ. ಅದಕ್ಕೇ ಎಲ್ಲೋ ಸಮುದ್ರದ ದಡದ ಊರಿಗೆ ಹೋಗಿ ಪದ ತರಬೇಕಾಗಿತ್ತು. ತಂದ ಪದವನ್ನು ನಿರ್ದೇಶಕರು ಆಮೇಲೆ ಎರಡು ಸಭೆಗಳಲ್ಲಿ ಬಳಸಿದರು; ಒಂದು ವಾರದೊಳಗೆ ನಿಲಯದ ಕ್ಯಾಂಟೀನಿನಲ್ಲಿ ಯಾರೋ ಅವಳನ್ನು ನೋಡಿ ‘ಅಬ್ಡೀರಾ ಬಂದಳು’ ಎಂದದ್ದು ಕೇಳಿಸಿತು. ಚಿಕ್ಕಂದಿನಲ್ಲಿ ಮನೆಯಲ್ಲಿ ಅವಳನ್ನು ಕಿಲಕಿಲಿ ಎನ್ನುತ್ತಿದ್ದರು. ಹೆಸರು ಬದಲಾಗಿತ್ತು, ಅಷ್ಟೆ.

ಇವತ್ತು ಅವಳು ಬಾಗಿಲು ತಟ್ಟಿ ಒಳಗೆ ಹೋದಾಗ ನಿರ್ದೇಶಕರ ಜೊತೆ ಟೈಪಿಸ್ಟೂ ಇದ್ದರು. ನಿವೃತ್ತಿಗೆ ಹತ್ತಿರವಾದ ಸಣಕಲು ಮನುಷ್ಯ. ಅವಳು ಕೆಲಸಕ್ಕೆ ಸೇರಿದ ದಿನದಿಂದ ಅವಳ ವಾರ್ತೆಯನ್ನೆಲ್ಲ ಟೈಪು ಮಾಡಿದವರು ಅವರೇ. ಅವಳು ಉಸಿರು ತೆಗೆದುಕೊಳ್ಳಬೇಕಾದ ಕಡೆ ತಾವಾಗಿಯೇ ಎರಡು ಸಲ ಖಾಲಿ ಕೀಲಿ ಒತ್ತಿ ಜಾಗ ಬಿಡುತ್ತಿದ್ದರು. ನಿರ್ದೇಶಕರ ಯೋಜನೆ ಸರಳವಾಗಿತ್ತು. ಮೇಲಿನ ಕಚೇರಿಯಿಂದ ವಿಚಾರಣೆಗೆ ಬರುವವರಿಗೆ ಅವಳು ಹೀಗೆ ಹೇಳಬೇಕು: ‘ಸಚಿವರು ತೀವ್ರ ಸಂತಾಪ ಸೂಚಿಸಿದ್ದಾರೆ’ ಎಂದು ಇರಬೇಕಾದ ಕಡೆ ಟೈಪಿನ ತಪ್ಪಿನಿಂದ ‘ತೀವ್ರ ಸಂತೋಷ’ ಎಂದಿತ್ತು. ಕಣ್ಣು ಕೊನೆಯ ಸಾಲಿಗೆ ಹೋಗಿ ಅದನ್ನು ನೋಡಿತು, ನಗು ತಡೆಯಲಾಗಲಿಲ್ಲ. ಯಾರಿಗಾದರೂ ಬರುವಂಥದ್ದೇ ನಗು. ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಮುಂದಿನ ತಿಂಗಳಿಂದ ಮತ್ತೆ ಮೈಕು.

“ತೀರ್ಮಾನ ಮಾಡಿದ್ರಾ?” ನಿರ್ದೇಶಕರು ಕೇಳಿದರು.

“ಮಾಡಿದೆ ಸಾರ್. ಟೈಪಿನಲ್ಲಿ ತಪ್ಪಿರಲಿಲ್ಲ.”

“ಇರಲಿಲ್ಲ ಅಂತ ನನಗೂ ಗೊತ್ತು. ಇತ್ತು ಅಂತ ಹೇಳಿ ಅಂತಿದ್ದೀನಿ.”

ಟೈಪಿಸ್ಟ್ ನಡುವೆ ಬಾಯಿ ಹಾಕಿದರು. “ಹೇಳಿಬಿಡಮ್ಮ. ನನಗೇನು, ಇವತ್ತೋ ನಾಳೆಯೋ ಮನೆಗೆ ಹೋಗೋನು. ನನ್ನಿಂದ ಒಂದು ತಪ್ಪಾಯ್ತು ಅಂತ ಬರಕೊಂಡರೆ ಬರಕೊಳ್ಳಲಿ.” ಹೇಳುವಾಗ ಅವರ ಬಲಗೈಯ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಆಡುತ್ತಿದ್ದವು, ಸಂತಾಪ ಎಂದು ಒತ್ತುತ್ತಿದ್ದವೋ ಸಂತೋಷ ಎಂದೋ. ಅವಳಿಗೆ ಹೊಟ್ಟೆಯ ತಳದಲ್ಲಿ ಅದು ಮಿಸುಕಿದ್ದು ತಿಳಿಯಿತು. ಇಲ್ಲಿ ಬೇಡ, ಎಂದು ನಾಯಿಯನ್ನು ಗದರಿಸುವಂತೆ ಒಳಗೇ ಗದರಿದಳು. ಅದು ಮಲಗಿತು.

“ಅವರು ಇಡೀ ಆಯುಷ್ಯದಲ್ಲಿ ಒಂದು ಒತ್ತಕ್ಷರ ತಪ್ಪಿಸಿದವರಲ್ಲ ಸಾರ್. ನನ್ನ ನಗುವನ್ನು ಅವರ ಬೆರಳಿಗೆ ಕಟ್ಟಿ ಕಳಿಸೋದು ಬೇಡ.”

“ಹಾಗಾದರೆ ಮೈಕು ಮರೆತುಬಿಡಿ. ಹಳೇ ಟೇಪು ಜೋಡಿಸೋ ಕೋಣೆಗೆ ಹಾಕ್ತೀನಿ. ಅಲ್ಲಿ ಎಷ್ಟು ಬೇಕಾದರೂ ನಗಬಹುದು, ಕೇಳೋರಿಲ್ಲ.”

“ಆಗಲಿ ಸಾರ್.”

ಇಷ್ಟು ಬೇಗ ಒಪ್ಪಿದ್ದಕ್ಕೆ ಅವರಿಗೆ ಕೋಪ ಬಂತು. “ಕಾರಣವೇನು ಅಂತ ಬರೀಲಿ ನಾನು? ವಾರ್ತಾವಾಚಕಿಗೆ ನಗು ಬಂತು, ಯಾಕೆ ಬಂತೋ ಅವರಿಗೂ ಗೊತ್ತಿಲ್ಲ ಅಂತ ಬರೀಲಾ?”

“ಹಾಗೇ ಬರೀರಿ ಸಾರ್. ಅದೇ ನಿಜ.”

ಹೊರಗೆ ಬಂದಮೇಲೆ ಕಾರಿಡಾರಿನಲ್ಲಿ ಟೈಪಿಸ್ಟ್ ಓಡುನಡಿಗೆಯಲ್ಲಿ ಹಿಂದೆ ಬಂದರು. ಏನೋ ದೊಡ್ಡದು ಹೇಳುವವರಂತೆ ಬಂದು, “ಕೊಡೆ ತಂದಿದ್ದೀಯಾ? ಮೋಡ ಆಗಿದೆ” ಎಂದರು. ತಂದಿರಲಿಲ್ಲ. ಅವರು ತಲೆಯಾಡಿಸಿ ಹಿಂದಿರುಗಿದರು. ಸ್ಟುಡಿಯೋದ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಬೇರೆ ಯಾರೋ ಓದುತ್ತಿದ್ದರು, ದನಿ ದಪ್ಪ ಬಾಗಿಲಿನಾಚೆ ಬರಿಯ ಗುಂಯ್‌ಗುಟ್ಟುವಿಕೆಯಾಗಿತ್ತು. ಆ ದಿನ ಅವಳ ಕೈಯಲ್ಲೇ ಉಳಿದ ಸಾಲುಗಳನ್ನು ಮುಂದಿನ ವಾರ್ತೆಯಲ್ಲಿ ಓದುತ್ತಾರೆ ಎಂದು ಅವಳು ಮನೆಯಲ್ಲಿ ರೇಡಿಯೋ ಮುಂದೆ ಕಾದಿದ್ದಳು. ಓದಲಿಲ್ಲ. ಗಡಿಬಿಡಿಯಲ್ಲಿ ಸುದ್ದಿಯನ್ನು ಎರಡೇ ಮಾತಿಗೆ ಕತ್ತರಿಸಿದ್ದರು. ಮರುದಿನ ಪತ್ರಿಕೆಯಲ್ಲಿ ಚಾಲಕನ ಅಜಾಗರೂಕತೆ ಕಾರಣವಿರಬಹುದೆಂಬ ಶಂಕೆ ಎಂದು ಬಂತು. ಆಗಲೇ ಎದ್ದು ಹೋಗಿ, ತನ್ನ ಹಾಳೆಯಲ್ಲಿದ್ದದ್ದು ಬೇರೆ ಎಂದು ಹೇಳಬೇಕಾಗಿತ್ತು, ಯಾರಿಗಾದರೂ. ಹೇಳಲು ಬಾಯಿ ಬೇಕಲ್ಲ. ಆ ಬಾಯನ್ನು ಎತ್ತಿಕೊಂಡು ಯಾರ ಮುಂದೆ ಹೋಗುವುದು ಎಂದು ಅವಳು ಮನೆಯಲ್ಲೇ ಕೂತಳು. ನಕ್ಕದ್ದು ತನ್ನ ಕೈಮೀರಿದ್ದು ಎಂದಿಟ್ಟುಕೊಳ್ಳೋಣ. ಕೂತದ್ದು?

ಡಿಪೋದಲ್ಲಿ ಕೇಳಿದ್ದಕ್ಕೆ ಟೈಮ್‌ಕೀಪರ್, ‘ಟೈರು ರಿಪೇರಿ ಅಂಗಡಿ ಸಾಲು, ಕೊನೇ ಅಂಗಡಿಯ ಹಿಂದೆ’ ಎಂದು ದಾರಿ ಹೇಳಿದ್ದ, ಯಾರು ನೀವು ಎಂದು ಕೇಳಿರಲಿಲ್ಲ. ಬಸ್ಸು ಇಳಿದು ಅವಳು ನಡೆದಳು. ಉದ್ದಕ್ಕೂ ರಬ್ಬರಿನ ವಾಸನೆ, ರಸ್ತೆಯ ಬದಿಗೆ ಪೇರಿಸಿಟ್ಟ ಹಳೆಯ ಟೈರುಗಳ ಬಾವಿಗಳು, ಒಳಗೆ ನಿಂತ ನೀರು. ಅಬ್ಡೀರಾ ಊರಿನಲ್ಲಿ ಆ ತತ್ತ್ವಜ್ಞಾನಿ ಇದ್ದನಲ್ಲ, ಅವನ ಬಗ್ಗೆ ಅವಳಿಗೆ ಕುತೂಹಲವಿರಲಿಲ್ಲ. ಅವನಿಗೆ ದೂರದ ವೈದ್ಯ ಬಂದು ಗೌರವ ಉಳಿಸಿ ಹೋಗಿದ್ದ. ಅವಳು ಯೋಚಿಸುತ್ತಿದ್ದದ್ದು ಆ ಊರಿನ ಉಳಿದವರ ವಿಷಯ, ಬಟ್ಟೆ ಒಗೆಯುವವಳು, ಮೀನು ಒಣಗಿಸುವವಳು. ಅಂಥವಳೊಬ್ಬಳು ಪಕ್ಕದ ಊರಿಗೆ ಹೋಗಿ ಯಾವೂರಮ್ಮ ಎಂದು ಯಾರೋ ಕೇಳಿದರೆ ಏನು ಮಾಡುತ್ತಿದ್ದಳು? ಹೇಳಿದರೆ ಅವರು ಕಾಯುತ್ತಾರೆ, ಈಗ ನಗುತ್ತಾಳೆ ನೋಡು ಎಂದು. ಕಾಯುವವರ ಮುಖ ನೋಡಿದರೆ ಎಂಥವಳಿಗಾದರೂ ನಗು ಬಂದೀತು. ಪದವನ್ನು ಮಾಡಿದವರು ಕಾದವರು. ಊರಿನವರನ್ನು ಯಾರು ಕೇಳಿದರು, ಅಮ್ಮ, ನಿನಗೆ ಏನಾಯಿತು ಎಂದು? ತನ್ನ ಅಪ್ಪ ಹೋದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ವೈದ್ಯರು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏನೋ ಬರೆಯುತ್ತಿದ್ದರು, ಮುಚ್ಚಳ ತೆಗೆದು, ‘ಹೋಗಿಬಿಟ್ಟರು’ ಎಂದು ಮತ್ತೆ ಕಚ್ಚಿಕೊಂಡರು. ಅವಳು ನಕ್ಕಳು. ಅಣ್ಣ ಅವಳ ರಟ್ಟೆ ಹಿಡಿದು, ಹಾಸಿಗೆ ಬಟ್ಟೆ ಇಡುವ ಕೋಣೆಗೆ ದೂಡಿ ಹೊರಗಿನಿಂದ ಬಾಗಿಲು ಹಾಕಿಕೊಂಡ. ಮಡಿಸಿಟ್ಟ ಬಿಳಿ ಬಟ್ಟೆಗಳ ನಡುವೆ, ಸಾಬೂನಿನ ವಾಸನೆಯಲ್ಲಿ, ಅವಳು ಕುಸಿದು ಕೂತು ನಕ್ಕಳು. ಕಣ್ಣಿನಿಂದ ಧಾರೆ ಇಳಿಯುತ್ತಿತ್ತು, ಪಕ್ಕೆ ನೋಯುತ್ತಿತ್ತು, ಅಪ್ಪ ಅಪ್ಪ ಎಂದು ಕೂಗಬೇಕೆಂದರೆ ಬಾಯಿಂದ ಬರುತ್ತಿದ್ದದ್ದು ಅದೊಂದೇ. ಹೊರಗಿನವರಿಗೆ ಕೇಳಿಸಿದ್ದು ನಗು. ಒಳಗೆ ಏನಿತ್ತೆಂದು ಬಿಳಿ ಬಟ್ಟೆಗಳಿಗೆ ಗೊತ್ತು. ಅಣ್ಣ ಆಮೇಲೆ ಎಷ್ಟೋ ವರ್ಷ ಅವಳೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಕೊನೆಯ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೆಲದ ಮೇಲೆ ಇಬ್ಬರು ಹೆಂಗಸರು ಅಂಗಿಯ ಕಾಲರುಗಳ ರಾಶಿಯ ನಡುವೆ ಕೂತಿದ್ದರು. ಹೊಲಿದು ಬಂದ ಕಾಲರನ್ನು ಒಳಹೊರಗು ಮಾಡಿ, ಮೊಂಡ ಕಡ್ಡಿಯಿಂದ ಮೂಲೆಯನ್ನು ಚುಚ್ಚಿ ಚೂಪು ಮಾಡಿ ಪಕ್ಕಕ್ಕಿಡುತ್ತಿದ್ದರು. ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ಕಿರಿಯಳು ತಲೆಯೆತ್ತಿದಳು.

“ಯಾರು ಬೇಕಿತ್ತು?”

“ಡ್ರೈವರ್ ಅವರ ಮನೆಯವರು…” ಎಂದಳು ಅವಳು. ಅಷ್ಟು ಸಾಕಾಯಿತು. ಇಬ್ಬರ ಕೈಯೂ ನಿಂತಿತು.

“ಅತ್ತಿಗೆ, ಅವಳೇ. ಆ ದನಿಯೇ.” ಕಿರಿಯಳು ಎದ್ದು ನಿಂತುಬಿಟ್ಟಳು. “ಎಷ್ಟು ಧೈರ್ಯ ಇರಬೇಕು ನಿನಗೆ! ನನ್ನ ಅಣ್ಣ ಸತ್ತಿದ್ದಕ್ಕೆ ಹಲ್ಲು ಕಿರಿದವಳು, ಈಗ ಮನೆ ನೋಡೋಕೆ ಬಂದೆಯಾ?”

“ಕೂತುಕೋ ಸುಮ್ಮನೆ” ಎಂದಳು ಹಿರಿಯಳು. ಚಾಲಕನ ಹೆಂಡತಿ. ಅಗಲ ಮುಖ, ದಣಿದ ಕಣ್ಣು. ಕೈಯಲ್ಲಿದ್ದ ಕಾಲರಿನ ಎರಡನೆಯ ಮೂಲೆಯನ್ನೂ ಚೂಪು ಮಾಡಿ ಮುಗಿಸಿ, ಕೆಳಗಿಟ್ಟು, ಆಮೇಲೆ ತಲೆಯೆತ್ತಿದಳು. “ಒಳಗೆ ಬನ್ನಿ. ಅಲ್ಲಿ ಗೋಣಿ ಮೇಲೆ ಕೂತ್ಕೊಳ್ಳಿ, ನೆಲ ತಣ್ಣಗಿದೆ.”

ಅವಳು ಕೂತಳು.

“ನಾನು ಗೇಟಿಗೆ ಬಂದಿದ್ದೆ” ಎಂದಳು ಚಾಲಕನ ಹೆಂಡತಿ. “ಜಗಳಕ್ಕಲ್ಲ. ನನಗೆ ಒಂದೇ ಯೋಚನೆ. ಇವರು ಸತ್ತ ಸುದ್ದಿ ನನಗೆ ಬೇರೆ ಯಾರೂ ಹೇಳಲಿಲ್ಲ, ನೀವೇ ಹೇಳಿದ್ದು. ಇಲ್ಲೇ ಕೂತು ಇದೇ ಕೆಲಸ ಮಾಡ್ತಿದ್ದೆ. ಆ ಹೊತ್ತಿನ ಬಂದರಿನ ಬಸ್ಸು ಅಂದರೆ ಅವರದೇ. ಚಾಲಕರು ಅಂದ್ರಿ, ಸತ್ತರು ಅಂದ್ರಿ, ನಕ್ಕುಬಿಟ್ರಿ. ಅವತ್ತಿಂದ ಯೋಚನೆ ಮಾಡ್ತಾನೇ ಇದ್ದೀನಿ. ನಗೋವಂಥದ್ದು ಏನು ಬರೆದಿತ್ತು? ಅವರು ಏನಾದರೂ ಮಾಡಬಾರದ್ದು ಮಾಡಿ ಸತ್ತರಾ? ಕುಡಿದಿದ್ದರು ಅಂತ ಬರೆದಿತ್ತಾ? ನಿದ್ದೆ ಹೋಗಿದ್ದರು ಅಂತ? ಎಲ್ಲರೂ ಓದಿ ನಗೋ ಹಾಗೆ ಏನಾದರೂ ಇದ್ದರೆ ನನಗೊಬ್ಬಳಿಗೇ ಗೊತ್ತಿಲ್ಲವಲ್ಲ ಅಂತ.”

ಅವಳು ಬೈಗುಳಕ್ಕೆ ತಯಾರಾಗಿ ಬಂದಿದ್ದಳು, ಹೊಡೆತಕ್ಕೂ. ಇದಕ್ಕಲ್ಲ. ತನ್ನ ಒಂದು ನಗು ಈ ಮನೆಯಲ್ಲಿ ಇಷ್ಟು ದಿನ ಕೂತು, ಸತ್ತವನ ಮೈಮೇಲೆ ಒಂದೊಂದೇ ತಪ್ಪು ಹೊಲಿಯುತ್ತಿತ್ತು. ನಾಲಗೆಯ ತುದಿಗೆ ನಿರ್ದೇಶಕರ ಸುಳ್ಳು ತಾನಾಗಿ ಬಂದು ನಿಂತಿತು. ಸಂತಾಪ ಇರಬೇಕಾದ ಕಡೆ ಸಂತೋಷ ಅಂತಿತ್ತಮ್ಮ, ಅಚ್ಚಿನ ತಪ್ಪು, ನಿಮ್ಮವರ ಬಗ್ಗೆ ಅಲ್ಲ. ಎಷ್ಟು ಸುಲಭ. ಈ ಹೆಂಗಸಿಗೆ ಇವತ್ತೇ ನಿದ್ದೆ ಬರುತ್ತದೆ. ಬೆಳಿಗ್ಗೆ ಕಚೇರಿಯಲ್ಲಿ ತನಗಾಗಿ ಬೇಡ ಎಂದ ಸುಳ್ಳನ್ನು ಇಲ್ಲಿ ಇವಳಿಗಾಗಿ ಹೇಳಿದರೆ ಅದು ಸುಳ್ಳೇ ಆದೀತೆ? ಆದರೆ ಎದುರಿಗೆ ಕೂತವಳು ಕೇಳುತ್ತಿದ್ದದ್ದು ನಿದ್ದೆಯನ್ನಲ್ಲ. ಅವಳ ಕಣ್ಣು ತನ್ನ ಬಾಯನ್ನೇ ನೋಡುತ್ತಿತ್ತು, ಏನು ಬಂದರೂ ನಂಬುವ ಕಣ್ಣು. ಅಂಥ ಕಣ್ಣಿನ ಮುಂದೆ ಟೈಪಿನ ತಪ್ಪನ್ನು ಇಡಲು ಅವಳಿಂದ ಆಗಲಿಲ್ಲ.

“ನಗೋವಂಥದ್ದು ಏನೂ ಇರಲಿಲ್ಲ” ಎಂದಳು. “ನಾನು ಹಾಗೇ. ಸಾವಿನ ಮಾತು ಬಂದರೆ ನನಗೆ ನಗು ಬರುತ್ತೆ. ನಮ್ಮಪ್ಪ ಹೋದಾಗಲೂ ನಕ್ಕೆ. ಯಾಕೆ ಅಂತ ಗೊತ್ತಿಲ್ಲ. ರೇಡಿಯೋದಲ್ಲಿ ಕೂತಮೇಲೆ ಯಾವತ್ತೂ ಬಂದಿರಲಿಲ್ಲ, ಹೋಯ್ತು ಅಂದುಕೊಂಡಿದ್ದೆ. ಅಲ್ಲಿ ಒಂದು ಗುಂಡಿ ಇರುತ್ತೆ, ಒತ್ತಿ ಹಿಡಿದಿದ್ದರೆ ಯಾರಿಗೂ ಕೇಳಿಸ್ತಿರಲಿಲ್ಲ. ನನ್ನ ಬೆರಳು ಅದರ ಮೇಲೇ ಇತ್ತು. ಒತ್ತಲಿಲ್ಲ. ಇದನ್ನ ಮನೆಯಲ್ಲೂ ಹೇಳಿಲ್ಲ.”

“ನಾಟಕ” ಎಂದಳು ನಾದಿನಿ.

“ಅವರ ಬಗ್ಗೆ ಏನೂ ಇರಲಿಲ್ವಾ?” ಎಂದಳು ಚಾಲಕನ ಹೆಂಡತಿ, ನಾದಿನಿಯ ಮಾತು ಕೇಳಿಸದವಳಂತೆ.

“ಇತ್ತು. ಒಳ್ಳೆಯದೇ ಇತ್ತು. ನಾನು ನಕ್ಕ ಮೇಲಿನ ಸಾಲುಗಳಲ್ಲಿ. ಅದನ್ನು ಓದೋಕೆ ಆಗಲಿಲ್ಲ. ಆಮೇಲೆ ಬೇರೆಯವರೂ ಓದಲಿಲ್ಲ. ನಾನು ಆವತ್ತೇ ಬಂದು ಹೇಳಬೇಕಾಗಿತ್ತು, ಬರಲಿಲ್ಲ.”

ಅಂಗಡಿಯ ಕಡೆಯಿಂದ ಗಾಳಿ ತುಂಬುವ ಯಂತ್ರದ ಏದುಸಿರು ಕೇಳುತ್ತಿತ್ತು. “ಅವರ ಬಸ್ಸಿನ ಕಂಡಕ್ಟರ್ ಆಸ್ಪತ್ರೇಲಿ ಏನೋ ಒಳ್ಳೇದು ಹೇಳಿದ” ಎಂದಳು ಚಾಲಕನ ಹೆಂಡತಿ ನಿಧಾನವಾಗಿ. “ಜನ ಅಂದರು, ಹೆಂಡತಿಯ ಸಮಾಧಾನಕ್ಕೆ ಎಲ್ಲರೂ ಹಾಗೇ ಹೇಳೋದು ಅಂತ. ರೇಡಿಯೋದಲ್ಲಿ ಬಂದರೆ ಬೇರೆ. ನಿಮಗೆ ನೆನಪಿದೆಯಾ ಅದು?”

“ಒಂದಕ್ಷರ ಬಿಡದೆ.”

“ಹೇಳಿ. ಹೀಗೆ ಮಾತಿನ ಹಾಗಲ್ಲ. ಓದೋ ಹಾಗೆ.”

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಕೈಗಳಿಗೆ ಹಾಳೆ ಬೇಕಾಗಿತ್ತು. ಎದುರಿಗಿದ್ದ ಕಾಲರೊಂದನ್ನು ಎತ್ತಿಕೊಂಡು ಹಿಡಿದಳು. ನಗಬಾರದು, ನಗಬಾರದು. ಬೆಳಗಿನಿಂದ ಇಡೀ ಮೈಯನ್ನು ಅವಳು ಇದೊಂದಕ್ಕೇ ಬಿಗಿದುಕೊಂಡು ಬಂದಿದ್ದಳು. ದನಿ ಬಂತು, ಹದವಾದ ಹಳೆಯ ದನಿ, ತನಗೇ ಆಶ್ಚರ್ಯವಾಗುವಂತೆ. “ಬಂದರಿಗೆ ಹೋಗುತ್ತಿದ್ದ ಬಸ್ಸೊಂದು ಇಂದು ಬೆಳಿಗ್ಗೆ ಹಳೆಯ ಸೇತುವೆಯ ಕಟ್ಟೆಗೆ ಬಡಿದು ನದಿಗೆ ಉರುಳಿದ ಪರಿಣಾಮವಾಗಿ ಹಲವರು ಸಾವಿಗೀಡಾಗಿದ್ದಾರೆ. ಚಾಲಕರು ಸ್ಥಳದಲ್ಲೇ ಮೃತಪಟ್ಟಿದ್ದಾರೆ.” ಅಲ್ಲೇ, ಅದೇ ಜಾಗದಲ್ಲಿ, ಹೊಟ್ಟೆಯ ತಳ ಕದಲಿತು. ಅವಳು ಹಲ್ಲು ಕಚ್ಚಿದಳು, ಕಾಲರನ್ನು ಹಿಂಡಿದಳು. ಅದು ಎದೆಗೆ ಬಂತು, ಗಂಟಲಿಗೆ ಬಂತು, ಬಾಯಿಗೆ ಬಂತು. ಆ ಸಣ್ಣ ಕೋಣೆಯಲ್ಲಿ, ಸತ್ತವನ ಹೆಂಡತಿಯ ಎದುರು, ಅವಳು ನಕ್ಕಳು.

“ಥೂ!” ನಾದಿನಿ ಹಾರಿಬಂದು ಅವಳ ರಟ್ಟೆ ಹಿಡಿದೆಳೆದಳು. “ಏಳು! ಆಚೆ ನಡಿ! ನಾಚಿಕೆ ಇಲ್ಲದವಳೇ, ಏಳು!” ಅವಳು ಏಳಲಿಲ್ಲ. ರಟ್ಟೆಯ ಮೇಲಿನ ಹಿಡಿತ ಎಷ್ಟೋ ವರ್ಷದ ಹಿಂದಿನದರ ಹಾಗೇ ಇತ್ತು, ಅಷ್ಟೇ ಬಿಗಿ, ಅಷ್ಟೇ ಸರಿ. ಎಳೆದರೆ ಹೋಗಿಬಿಡಬಹುದು, ಹೊರಗೆ ದೂಡಿ ಬಾಗಿಲು ಹಾಕಿಕೊಳ್ಳುತ್ತಾರೆ, ಟೈರುಗಳ ಮರೆಯಲ್ಲಿ ಕೂತು ನಕ್ಕು ಮುಗಿಸಬಹುದು. ಬೆಳಗಿನಿಂದ ತಾನು ಹಟ ಹಿಡಿದದ್ದು ತಪ್ಪು ಜಾಗದಲ್ಲಿ ಎಂದು ಅವಳಿಗೆ ಆಗ ಅನ್ನಿಸಿತು. ನಗು ಬರದಂತೆ ಮಾಡುವುದು ತನ್ನ ಕೈಯಲ್ಲಿಲ್ಲ. ಬಂದರೆ ಬರಲಿ. ಓದುವುದನ್ನು ನಿಲ್ಲಿಸಬೇಕೆಂದು ಯಾರು ಹೇಳಿದರು? ಅವಳು ಇನ್ನೊಂದು ಕೈಯಿಂದ ನೆಲವನ್ನು ಒತ್ತಿ ಹಿಡಿದು, ನಗುವಿನ ನಡುವೆಯೇ ಮುಂದಿನ ಮಾತನ್ನು ಎತ್ತಿದಳು. “ಬಸ್ಸು… ಕಟ್ಟೆಯ ಮೇಲೆ… ತೂಗಾಡುತ್ತಿದ್ದಾಗ…”

“ಬಿಡು ಅವರನ್ನ” ಎಂದಳು ಚಾಲಕನ ಹೆಂಡತಿ.

“ಅತ್ತಿಗೆ, ನಗ್ತಾ ಇದ್ದಾಳೆ!”

“ನನಗೂ ಕಿವಿ ಇದೆ. ಬಿಡು. ಓದಲಿ.”

“…ತೂಗಾಡುತ್ತಿದ್ದಾಗ ಚಾಲಕರು ತಮ್ಮ ಆಸನ ಬಿಟ್ಟು ಏಳಲಿಲ್ಲ. ಬ್ರೇಕನ್ನು ಒತ್ತಿ ಹಿಡಿದೇ ಇದ್ದು, ಹಿಂಬಾಗಿಲಿನಿಂದ ಇಳಿಯುವಂತೆ ಪ್ರಯಾಣಿಕರಿಗೆ ಕೂಗಿ ಹೇಳಿದರೆಂದು ಪಾರಾದವರು ತಿಳಿಸಿದ್ದಾರೆ.” ಒಂದೊಂದು ಪದವೂ ನಗುವಿನ ಮೇಲೆ ಎದ್ದು ಬಿದ್ದು, ಕಲ್ಲುದಾರಿಯ ಗಾಡಿಯಂತೆ ಬಂತು. ಕಣ್ಣಿನ ನೀರು ಗಲ್ಲದಿಂದ ಕಾಲರಿನ ಮೇಲೆ ತೊಟ್ಟಿಕ್ಕುತ್ತಿತ್ತು. “ಹೀಗೆ ಇಳಿದು ಜೀವ ಉಳಿಸಿಕೊಂಡವರಲ್ಲಿ ತುಂಬು ಗರ್ಭಿಣಿಯೊಬ್ಬರು, ಇಬ್ಬರು ಶಾಲಾ ಶಿಕ್ಷಕಿಯರು, ದೃಷ್ಟಿಯಿಲ್ಲದ ವೃದ್ಧರೊಬ್ಬರು ಮತ್ತು ಅವರ ಮೊಮ್ಮಗಳು ಸೇರಿದ್ದಾರೆ. ಎಲ್ಲರೂ ಇಳಿಯುವ ಮೊದಲೇ ಕಟ್ಟೆ ಕುಸಿದು ಬಸ್ಸು ನೀರಿಗೆ ಬಿತ್ತು. ಸಚಿವರು ತೀವ್ರ ಸಂತಾಪ ಸೂಚಿಸಿದ್ದಾರೆ.”

ನಾದಿನಿಯ ಕೈ ಅವಳ ರಟ್ಟೆಯ ಮೇಲೇ ಇತ್ತು, ಆದರೆ ಎಳೆಯುತ್ತಿರಲಿಲ್ಲ. ಚಾಲಕನ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. “ಬ್ರೇಕು ಒತ್ತಿ ಹಿಡಿದಿದ್ದರು” ಎಂದಳು, ಯಾರಿಗೂ ಅಲ್ಲ. ಆಮೇಲೆ, “ಆ ಕುರುಡು ತಾತ ದಿನಾ ಅವರ ಬಸ್ಸಿಗೇ ಬರೋದು. ಮೊಮ್ಮಗಳು ಬಾಯಿಬಡಕಿ ಅಂತ ಹೇಳ್ತಿದ್ದರು” ಎಂದಳು. ಅವಳ ತುಟಿ ಒಂದು ಕಡೆಗೆ ಎಳೆದುಕೊಂಡಿತು. ಅಳುವೋ ಏನೋ, ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ. ಮುಖವನ್ನು ಅಂಗೈಯಿಂದ ಬಲವಾಗಿ ಉಜ್ಜಿಕೊಂಡು ಅವಳು ನಾದಿನಿಯ ಕಡೆ ತಿರುಗಿದಳು.

“ಹೋಗಿ ಟೈರು ಅಂಗಡಿಯವರನ್ನ ಕರೆದುಕೊಂಡು ಬಾ. ಆ ಯಂತ್ರ ನಿಲ್ಲಿಸಿ ಬರೋಕೆ ಹೇಳು. ಎದುರು ಮನೆಯವಳನ್ನೂ ಕರಿ, ಕುಡಿದಿದ್ದರು ಅಂದವಳು ಅವಳೇ.” ಆಮೇಲೆ ಇವಳಿಗೆ, “ಇನ್ನೊಂದು ಸಲ ಓದ್ತೀರಾ?”

“ಮತ್ತೆ ನಗು ಬರುತ್ತೆ.”

“ಬರಲಿ. ನಿಲ್ಲಿಸಬೇಡಿ, ಅಷ್ಟೆ.”

ಯಂತ್ರದ ಏದುಸಿರು ನಿಂತಿತು. ಕಪ್ಪು ಕೈಗಳನ್ನು ಚಿಂದಿಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಮೂವರು ನಾಲ್ವರು ಗಂಡಸರು ಬಾಗಿಲ ಬಳಿ ಬಂದು ನಿಂತರು, ಏನೆಂದು ಗೊತ್ತಾಗದ ಮುಖ ಮಾಡಿಕೊಂಡು. ಎದುರು ಮನೆಯ ಹೆಂಗಸು ಎಲ್ಲರ ಹಿಂದೆ ನಿಂತಳು. ನಾದಿನಿ ಒಳಗಿನಿಂದ ಒಂದು ಲೋಟ ನೀರು ತಂದು, ಅವಳ ಮುಖ ನೋಡದೆ, ಪಕ್ಕದಲ್ಲಿಟ್ಟಳು. ಅವಳು ಕುಡಿದು, ಎದ್ದು ನಿಂತು, ಮೊದಲಿನಿಂದ ಓದಿದಳು. ಸ್ಥಳದಲ್ಲೇ ಮೃತಪಟ್ಟಿದ್ದಾರೆ ಎನ್ನುವಾಗ ಅದು ಬಂತು, ಮೊದಲಿಗಿಂತ ಜೋರಾಗಿ, ಬಾಗಿಲಿನವರೆಲ್ಲ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡುವ ಹಾಗೆ. ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ಗೇಟು ಹಾಕಿದ ಕಡೆ ರೈಲು ದಾಟುವ ತನಕ ನಿಲ್ಲುವವಳಂತೆ ನಿಂತಳು. ಅವರೂ ನಿಂತರು, ಯಾರೂ ಹೋಗಲಿಲ್ಲ. ಅದು ಮೈಯನ್ನೆಲ್ಲ ಅಲುಗಿಸಿ ದಾಟಿಹೋದ ಮೇಲೆ ಅವಳು ಉಸಿರೆಳೆದುಕೊಂಡು, ಹಿಂದೆ ನಿಂತವಳಿಗೂ ಕೇಳಲೆಂದು ದನಿಯನ್ನು ಸ್ವಲ್ಪ ಎತ್ತರಿಸಿ, ಮುಂದಿನ ಸಾಲು ಹಿಡಿದಳು: “ಬಸ್ಸು ಕಟ್ಟೆಯ ಮೇಲೆ ತೂಗಾಡುತ್ತಿದ್ದಾಗ ಚಾಲಕರು ತಮ್ಮ ಆಸನ ಬಿಟ್ಟು ಏಳಲಿಲ್ಲ.”